ಮಿದುಳಿನ ಆಳದಲ್ಲೊಂದು ಇಕ್ಕಟ್ಟಿನ ದಾರಿ

ಮಿದುಳನ್ನು ಅಡ್ಡಕ್ಕೆ ಕೊಯ್ದರೆ ಒಳಗೆ ಕಾಣುವುದು ಬಿಳಿ ಮುದ್ದೆ, ನಡುನಡುವೆ ಕೆಲವು ಬೂದು ಗಂಟುಗಳು. ಆ ಬಿಳಿ ಭಾಗ ಪೂರ್ತಿ ನರದ ಎಳೆಗಳೇ. ಆದರೆ ಬರಿಗಣ್ಣಿಗೆ ಗೊತ್ತಾಗುವುದಿಲ್ಲ.

ಇದಕ್ಕೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ಅಂಗರಚನಾ ತಜ್ಞ ಯೋಸೆಫ್ ಕ್ಲಿಂಗ್ಲರ್ 1930ರ ದಶಕದಲ್ಲಿ ಒಂದು ಉಪಾಯ ಕಂಡುಕೊಂಡರು. ಫಾರ್ಮಲಿನ್‌ನಲ್ಲಿ (ಕೆಡದಂತೆ ಕಾಪಾಡುವ ದ್ರಾವಣ) ನೆನೆಸಿಟ್ಟ ಮಿದುಳನ್ನು ಕೆಲವು ದಿನ ಹೆಪ್ಪುಗಟ್ಟಿಸುವುದು, ಅಷ್ಟೇ. ಎಳೆಗಳ ಸಂದಿಯಲ್ಲಿರುವ ನೀರು ಮಂಜುಗಡ್ಡೆಯಾಗಿ ಹಿಗ್ಗುತ್ತದೆ, ಎಳೆಗಳು ಸಡಿಲವಾಗುತ್ತವೆ. ಆಮೇಲೆ ಚಪ್ಪಟೆ ಮರದ ಕಡ್ಡಿ ಹಿಡಿದು, ನಾರು ಬಿಡಿಸಿದ ಹಾಗೆ ಸುಲಿಯುತ್ತಾ ಹೋಗಬಹುದು.

ಮೊದಲು ಸಿಗುವುದು ಮಿದುಳಿನ ಹೊರಮೈಯ ಅಕ್ಕಪಕ್ಕದ ಮಡಿಕೆಗಳನ್ನು ಜೋಡಿಸುವ ಗಿಡ್ಡ ಎಳೆಗಳು. ಇನ್ನೂ ಆಳಕ್ಕೆ ಹೋದರೆ ಪುಟಾಮೆನ್ ಎಂಬ ಬೂದು ಗಂಟು, ಅದರ ಒಳಬದಿಗೆ ಗ್ಲೋಬಸ್ ಪ್ಯಾಲಿಡಸ್ ಎಂಬ ಇನ್ನೊಂದು ಗಂಟು. ಇವೆರಡನ್ನೂ ತೆಗೆದರೆ ಎದುರಿಗೆ ಬೀಸಣಿಗೆಯಂತೆ ಹರಡಿದ ಎಳೆಗಳು! ಮೇಲೆ ಅಗಲ, ಕೆಳಗೆ ಬರುಬರುತ್ತಾ ಕಿರಿದು. ಆ ಕಿರಿದಾದ ಜಾಗವೇ ಇಂಟರ್ನಲ್ ಕ್ಯಾಪ್ಸೂಲ್. ಹೆಸರು ಕೇಳಿ ಗುಳಿಗೆ ನೆನಪಾದರೆ ತಪ್ಪೇನಿಲ್ಲ, ಆದರೆ ಇದು ಬರೀ ಒಂದು ಓಣಿ. ಒಂದು ಪಕ್ಕ ಆ ಎರಡು ಗಂಟುಗಳು, ಇನ್ನೊಂದು ಪಕ್ಕ ಮುಂದೆ ಕಾಡೇಟ್, ಹಿಂದೆ ಥಲಾಮಸ್ ಎಂಬ ಬೂದು ಗಂಟುಗಳು. ಕಾಡೇಟ್‌ಗೂ ಪುಟಾಮೆನ್‌ಗೂ ನಡುವೆ ಬೂದು ಸೇತುವೆಗಳು ಈ ಬಿಳಿ ಎಳೆಗಳನ್ನು ದಾಟುತ್ತವೆ. ಅದಕ್ಕೇ ಆ ಭಾಗ ಪಟ್ಟೆಪಟ್ಟೆಯಾಗಿ ಕಾಣುತ್ತದೆ, 'ಸ್ಟ್ರಯೇಟಮ್' ಎಂಬ ಹೆಸರೂ ಹಾಗೇ ಬಂತು.

ಕೈಕಾಲು ಆಡಿಸುವ ಆಜ್ಞೆಗಳು ಮಿದುಳಿನ ಹೊರಪದರದಲ್ಲಿ ಉದ್ದದ ಪಟ್ಟಿಯೊಂದರಿಂದ ಹೊರಡುತ್ತವೆ. ಅಲ್ಲಿ ಸಣ್ಣ ಪೆಟ್ಟು ಬಿದ್ದರೆ ಬರೀ ಕೈ ಸೋಲಬಹುದು. ಕ್ಯಾಪ್ಸೂಲ್‌ನಲ್ಲಿ ಹಾಗಲ್ಲ. ಮುಖ, ಕೈ, ಕಾಲು ಎಲ್ಲದರ ಎಳೆಗಳೂ ಒತ್ತೊತ್ತಾಗಿ ಸಾಗುತ್ತವೆ. ಈ ಜಾಗಕ್ಕೆ ರಕ್ತ ತರುವ ನಾಳಗಳೋ ಕೂದಲೆಳೆಯಂಥವು. ದೊಡ್ಡ ಅಪಧಮನಿಯಿಂದ ನೇರವಾಗಿ ಕವಲೊಡೆದು ಬರುವುದರಿಂದ ಬಿಪಿ ಜಾಸ್ತಿಯಾದರೆ ಮೊದಲು ಕೆಡುವವು ಇಂಥವೇ. ಅಂಥದ್ದೊಂದು ನಾಳ ಮುಚ್ಚಿಕೊಂಡು ಒಂದು ಸೆಂಟಿಮೀಟರ್ ಜಾಗ ಸತ್ತರೂ ಅರ್ಧ ದೇಹಕ್ಕೆ ಲಕ್ವ ಹೊಡೆಯಬಹುದು. ಕೈಕಾಲಿನ ಎಳೆಗಳಲ್ಲಿ ಹೆಚ್ಚಿನವು ಕೆಳಗೆ, ಮಿದುಳಿನ ಬುಡದ ಮೆಡುಲಾದಲ್ಲಿ ಅಡ್ಡ ದಾಟುವುದರಿಂದ ಎಡಕ್ಕೆ ಪೆಟ್ಟಾದರೆ ಸೋಲುವುದು ಬಲಭಾಗ. ವಿಚಿತ್ರವೆಂದರೆ, ಎಷ್ಟೋ ಸಲ ನೆನಪು, ಯೋಚನೆ, ಮುಟ್ಟಿದರೆ ಗೊತ್ತಾಗುವುದು, ಯಾವುದಕ್ಕೂ ಏನೂ ಆಗಿರುವುದಿಲ್ಲ.

ಈಗ ಎಂಆರ್‌ಐನಲ್ಲೇ ಈ ದಾರಿಗಳ ಬಣ್ಣಬಣ್ಣದ ಚಿತ್ರ ಸಿಗುತ್ತದೆ. ನೀರಿನ ಕಣಗಳು ಎಳೆಯ ಉದ್ದಕ್ಕೆ ಸುಲಭವಾಗಿ ಸರಿಯುತ್ತವೆ, ಅಡ್ಡಕ್ಕೆ ಅಷ್ಟಾಗಿ ಸರಿಯುವುದಿಲ್ಲ. ಅದನ್ನು ನೋಡಿ ಕಂಪ್ಯೂಟರ್ ದಾರಿ ಊಹಿಸುತ್ತದೆ. ಎಳೆಗಳು ಒಂದನ್ನೊಂದು ದಾಟುವ ಕಡೆ ಊಹೆ ತಪ್ಪುವುದೂ ಉಂಟು. ಹಾಗಾಗಿ ನರಶಸ್ತ್ರಚಿಕಿತ್ಸೆ ಕಲಿಯುವವರು ಇವತ್ತಿಗೂ ಮರದ ಕಡ್ಡಿ ಹಿಡಿಯುತ್ತಾರೆ. ಒಂದೇ ತೊಂದರೆ: ಒಳಗಿನ ಎಳೆ ಕಾಣಬೇಕಾದರೆ ಹೊರಗಿನದನ್ನು ಕಿತ್ತೇ ಹಾಕಬೇಕು. ಆದ್ದರಿಂದ ಮಿದುಳಿನ ಒಂದು ಅರ್ಧವನ್ನು ಹೊರಗಿನಿಂದ ಸುಲಿಯುತ್ತಾರೆ, ಇನ್ನೊಂದನ್ನು ನಡುವಿನಿಂದ.