ಕೇಪಿನ ಕೋವಿ ಕೈಕೊಡುವುದೇಕೆ? ಕಿಡಿಯ ಐದು ಶತಮಾನಗಳ ಹಿನ್ನೆಲೆ

1841ರ ಮೇ 30ರಂದು, ಮೊದಲ ಅಫೀಮು ಯುದ್ಧದ ಸಮಯದಲ್ಲಿ, ಚೀನಾದ ಕ್ಯಾಂಟನ್ ನಗರದ ಹೊರಗಿನ ಗದ್ದೆಬಯಲಿನಲ್ಲಿ ಮದರಾಸು ಸೈನ್ಯದ 37ನೇ ಪದಾತಿ ದಳದ ಒಂದು ತುಕಡಿ ಗುಡುಗು ಮಳೆಗೆ ಸಿಕ್ಕಿ ಉಳಿದವರಿಂದ ಬೇರ್ಪಟ್ಟಿತು. ಸುತ್ತ ಈಟಿ ಹಿಡಿದ ಹಳ್ಳಿಗರ ದೊಡ್ಡ ಗುಂಪು ನೆರೆದಿತ್ತು. ಕಲ್ಲನ್ನು ಉಕ್ಕಿಗೆ ಉಜ್ಜಿ ಕಿಡಿ ಹುಟ್ಟಿಸುವ, ಸಿಪಾಯಿಗಳ ಚಕಮಕಿ ಬಂದೂಕುಗಳ ಮದ್ದು ನೆನೆದುಹೋಗಿದ್ದರಿಂದ ಈಡು ಹಾರಲಿಲ್ಲ. ಬಯೊನೆಟ್ಟನ್ನೇ ನೆಚ್ಚಿಕೊಂಡು ಅವರು ಚೌಕಾಕಾರವಾಗಿ ನಿಲ್ಲಬೇಕಾಯಿತು. ಅವರನ್ನು ಹುಡುಕಿ ಪಾರುಮಾಡಿದ್ದು ಕೇಪಿನ (ಪೆಟ್ಟು ಬಿದ್ದೊಡನೆ ಸಿಡಿಯುವ ತಾಮ್ರದ ಪುಟ್ಟ ಟೋಪಿಯ) ಬಂದೂಕು ಹಿಡಿದಿದ್ದ ಬ್ರಿಟಿಷ್ ನೌಕಾ ಯೋಧರ ಎರಡು ತುಕಡಿಗಳು. ಎರಡೂ ಬಂದೂಕುಗಳ ನಳಿಗೆ, ಕರಿಮದ್ದು, ಸೀಸದ ಗುಂಡು ಹೆಚ್ಚುಕಡಿಮೆ ಒಂದೇ ಬಗೆಯವು. ಮದ್ದಿಗೆ ಬೆಂಕಿ ಮುಟ್ಟಿಸುವ ಏರ್ಪಾಡಿನಲ್ಲಿ ಮಾತ್ರ ವ್ಯತ್ಯಾಸವಿತ್ತು.

ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯ ಚರಿತ್ರೆಯೆಂದರೆ ಬಹುಪಾಲು ಈ ಏರ್ಪಾಡಿನ ಚರಿತ್ರೆಯೇ. ಹದಿನೈದನೆಯ ಶತಮಾನದಲ್ಲಿ ಅದು ಪೆಟ್ಲುಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದ ಬತ್ತಿಯಾಗಿತ್ತು. ಸದಾ ಹೊಗೆಯಾಡುತ್ತಿದ್ದ ಆ ಬತ್ತಿಯನ್ನು ಒಂದು ಸನ್ನೆ ಕೆಳಗಿಳಿಸಿ, ನಳಿಗೆಯ ಪಕ್ಕದ ಬಟ್ಟಲಿನಲ್ಲಿದ್ದ ಚಿಟಿಕೆ ಮದ್ದಿಗೆ ತಗುಲಿಸುತ್ತಿತ್ತು. ಅಲ್ಲಿಂದ ಸಣ್ಣ ರಂಧ್ರದ ಮೂಲಕ ಉರಿ ಒಳಗಿನ ಮದ್ದನ್ನು ಸೇರುತ್ತಿತ್ತು. ಮಳೆ ಬಂದರೆ ಬತ್ತಿ ಆರುತ್ತಿತ್ತು, ಕತ್ತಲಲ್ಲಿ ಅದರ ಕೆಂಡ ವೈರಿಗೆ ಕಾಣುತ್ತಿತ್ತು. ಆದರೂ ಊರಿನ ಕಮ್ಮಾರನೇ ಮಾಡಿ ರಿಪೇರಿ ಮಾಡಬಹುದಾದಷ್ಟು ಸರಳವಾಗಿದ್ದ ಕಾರಣ ಭಾರತದಲ್ಲಿ ಬತ್ತಿ ಕೋವಿ ಹತ್ತೊಂಬತ್ತನೆಯ ಶತಮಾನದವರೆಗೂ ಬಳಕೆಯಲ್ಲಿ ಉಳಿಯಿತು. ಯುರೋಪಿನಲ್ಲಿ ಇದರ ಬೆನ್ನಿಗೇ ಬಂದ ಚಕ್ರದ ಕೋವಿ ಗಡಿಯಾರದಷ್ಟು ಸೂಕ್ಷ್ಮವೂ ದುಬಾರಿಯೂ ಆಗಿದ್ದರಿಂದ ಸಿರಿವಂತರ ಕೈಯಲ್ಲೇ ಉಳಿಯಿತು.

ಚಕಮಕಿ ಕೋವಿಯ ಪೂರ್ಣರೂಪವನ್ನು ಸುಮಾರು 1610ರ ಹೊತ್ತಿಗೆ ರೂಪಿಸಿದವನು ಫ್ರಾನ್ಸಿನ ಮಾರಾ ಲ ಬೂರ್ಜ್ವಾ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಯುರೋಪಿನ ಸೈನ್ಯಗಳು ಕ್ರಮೇಣ ಅದಕ್ಕೆ ಹೊರಳಿ, ಹತ್ತೊಂಬತ್ತನೆಯ ಶತಮಾನದವರೆಗೂ ಅದನ್ನೇ ನಂಬಿದವು. ಟಿಪ್ಪು ಸುಲ್ತಾನನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ತಯಾರಾದ ಉತ್ತಮ ಬಂದೂಕುಗಳೂ ಇದೇ ಜಾತಿಯವು. ಅವುಗಳಲ್ಲಿ ಕೆಲವುಗಳ ಕುದುರೆಯನ್ನೇ, ಅಂದರೆ ಕಲ್ಲು ಕಚ್ಚಿಕೊಂಡು ಬಡಿಯುವ ಭಾಗವನ್ನೇ, ಹುಲಿಯ ಆಕಾರದಲ್ಲಿ ಕಡೆದಿರುವುದನ್ನು ಸಂಗ್ರಹಾಲಯಗಳಲ್ಲಿ ನೋಡಬಹುದು. ಕುದುರೆಯ ಬಾಯಲ್ಲಿ ಕಚ್ಚಿಸಿದ ಕಲ್ಲು ಎದುರಿನ ಉಕ್ಕಿನ ಹಲಗೆಗೆ ಉಜ್ಜಿದಾಗ ಸಿಡಿಯುವುದು ಕಲ್ಲಿನ ಚೂರಲ್ಲ, ಕಲ್ಲು ಕೆರೆದು ತೆಗೆದ ಉಕ್ಕಿನ ಕಾದ ಕಣ. ಇದು ಗೊತ್ತಿದ್ದರೆ ನಿರ್ವಹಣೆಯ ಅರ್ಧ ಪಾಠ ತಾನಾಗಿ ತಿಳಿಯುತ್ತದೆ. ಹಲಗೆ ಗಡುಸಾಗಿರಬೇಕು, ಅದರ ಮೇಲೆ ಎಣ್ಣೆಯ ಪಸೆ ಇರಬಾರದು. ಕಲ್ಲಿನ ಅಂಚು ಚೂಪಾಗಿದ್ದು ಹಲಗೆಯ ಅಗಲಕ್ಕೂ ಸಮನಾಗಿ ತಾಗಬೇಕು, ಅಲುಗದಂತೆ ಅದನ್ನು ತೊಗಲಿನ ತುಂಡಿನಲ್ಲಿ ಸುತ್ತಿ ಬಿಗಿಯಬೇಕು. ಬಟ್ಟಲಿನ ಮದ್ದನ್ನು ಹೆಚ್ಚು ಸುರಿದರೆ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ. ರಂಧ್ರದೊಳಗೇ ಮದ್ದು ಗಿಡಿದುಕೊಂಡರೆ ಉರಿ ನೆಗೆದು ಒಳಹೋಗುವ ಬದಲು ಬತ್ತಿಯಂತೆ ಕಾಳುಕಾಳಾಗಿ ಉರಿಯುತ್ತಾ ಹೋಗುತ್ತದೆ. ಆ ತಡದಲ್ಲಿ ಗುರಿ ತಪ್ಪುತ್ತದೆ.

ಈ ತಡವೇ ಮುಂದಿನ ಬದಲಾವಣೆಗೆ ಕಾರಣವಾಯಿತು. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಊರಿನ ಪಾದ್ರಿ ಅಲೆಕ್ಸಾಂಡರ್ ಜಾನ್ ಫೋರ್ಸೈತ್ ಬಾತುಕೋಳಿ ಬೇಟೆಯ ಹವ್ಯಾಸಿ. ಬಟ್ಟಲಿನ ಮದ್ದು ಭಗ್ಗೆಂದ ಹೊಳಪಿಗೇ ಹಕ್ಕಿಗಳು ಬೆದರಿ, ಗುಂಡು ಬರುವಷ್ಟರಲ್ಲಿ ಜಾಗ ಬಿಡುತ್ತಿದ್ದವು. ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕವನ್ನೇ ಕಿಡಿಯ ಬದಲು ಬಳಸುವ ಉಪಾಯಕ್ಕೆ ಆತ 1807ರಲ್ಲಿ ಪೇಟೆಂಟ್ ಪಡೆದ. ಆ ರಾಸಾಯನಿಕವನ್ನು ತಾಮ್ರದ ಪುಟ್ಟ ಟೋಪಿಯೊಳಗಿಟ್ಟು, ನಳಿಗೆಯ ಬುಡದಲ್ಲಿರುವ ನಿಪ್ಪಲ್ ಎಂಬ ಟೊಳ್ಳಾದ ಪುಟ್ಟ ಮೊಳೆಯ ಮೇಲೆ ಕೂರಿಸುವ ಪದ್ಧತಿ 1820ರ ದಶಕದಲ್ಲಿ ನೆಲೆಯೂರಿತು. ಬ್ರಿಟಿಷ್ ಸೈನ್ಯ ತಕ್ಷಣ ಒಪ್ಪಲಿಲ್ಲ. 1834ರಲ್ಲಿ ಇಂಗ್ಲೆಂಡಿನ ವೂಲಿಚ್‌ನಲ್ಲಿ ಎರಡೂ ಬಗೆಯ ಬಂದೂಕುಗಳಿಂದ ತಲಾ 6,000 ಈಡು ಹಾರಿಸಿ ನೋಡಿದಾಗ ಚಕಮಕಿ ಬಂದೂಕು 922 ಬಾರಿ ಕೈಕೊಟ್ಟಿತು, ಕೇಪಿನದು 36 ಬಾರಿ. ಇಷ್ಟು ಸ್ಪಷ್ಟವಾದ ಫಲಿತಾಂಶ ಬಂದು ಏಳು ವರ್ಷ ಕಳೆದ ಮೇಲೂ ಮದರಾಸಿನ ಸಿಪಾಯಿಗಳನ್ನು ಹಳೆಯ ಬಂದೂಕಿನೊಂದಿಗೆ ಕ್ಯಾಂಟನ್‌ಗೆ ಕಳಿಸಿದ್ದು ಆಡಳಿತದ ಅಲಕ್ಷ್ಯವೆಂದೇ ನಾನು ಭಾವಿಸುತ್ತೇನೆ.

ಗುಂಡು, ಮದ್ದು, ಕಿಡಿ ಮೂರೂ ಒಂದೇ ಕೋಶದಲ್ಲಿರುವ ತೋಟೆಯ ಕೋವಿ ಬಂದ ಮೇಲೆ ಸೈನ್ಯಗಳು ಇವೆಲ್ಲವನ್ನೂ ಕೈಬಿಟ್ಟವು. ಹವ್ಯಾಸಿಗಳಲ್ಲಿ ಮತ್ತು ಹಳ್ಳಿಗಳಲ್ಲಿ ಅವು ಉಳಿದವು. ಅಮೆರಿಕದಲ್ಲಿ ಇಂದು ಆಯ್ಕೆಯನ್ನು ಬಹುಮಟ್ಟಿಗೆ ಕಾನೂನೇ ನಿರ್ಧರಿಸುತ್ತದೆ: ಪೆನ್ಸಿಲ್ವೇನಿಯಾ 1974ರಲ್ಲಿ ಚಕಮಕಿ ಕೋವಿಗೆಂದೇ ಪ್ರತ್ಯೇಕ ಜಿಂಕೆ ಬೇಟೆಯ ಋತುವನ್ನು ಆರಂಭಿಸಿತು. 1985ರಲ್ಲಿ ಟೋನಿ ನೈಟ್ ತಂದ ಎಂಕೆ-85 ಎಂಬ ರೈಫಲ್ಲಿನಿಂದ, ಕಿಡಿಯನ್ನು ನಳಿಗೆಯ ನೇರಕ್ಕೆ ಹಿಂದಿನಿಂದ ಕೊಡುವ ಇನ್‌ಲೈನ್ ಮಾದರಿ ಜನಪ್ರಿಯವಾಯಿತು. ಈಗ ಅವುಗಳಲ್ಲಿ ತೋಟೆಗಳಿಗಾಗಿ ಮಾಡಿದ, ಪೆಟ್ಟಿಗೆ ಸಿಡಿದು ಉರಿ ಕೊಡುವ 209 ಪ್ರೈಮರ್ ಸಾಮಾನ್ಯ. ಅದರ ಉರಿ ಬಲವಾದದ್ದು, ತೇವಕ್ಕೆ ಹೆದರುವುದಿಲ್ಲ. ಆದರೆ ಬುಡದ ತಿರುಪನ್ನು ಪ್ರತಿ ಬಾರಿಯೂ ಬಿಚ್ಚಿ, ಒಳದಾರಿಯ ಮಸಿ ಕೆರೆದು, ತಿರುಪಿನ ಸುತ್ತುಗಳಿಗೆ ಗ್ರೀಸ್ ಸವರದಿದ್ದರೆ ಅದು ಕಚ್ಚಿಕೊಂಡು ಕೂರುತ್ತದೆ. ಪೈರೊಡೆಕ್ಸ್‌ನಂತಹ ಬದಲಿ ಮದ್ದುಗಳು ಹೊತ್ತಿಕೊಳ್ಳಲು ಕರಿಮದ್ದಿಗಿಂತ ಹೆಚ್ಚಿನ ಶಾಖ ಬೇಡುವುದರಿಂದ ಚಕಮಕಿಯವರು ಅವುಗಳ ಆಸೆ ಬಿಡಬೇಕು.

ನಮ್ಮ ಮಲೆನಾಡು ಮತ್ತು ಕೊಡಗಿನಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೋ, ಕೊಡಗಿನವರಿಗೆ ಇರುವ ವಿಶೇಷ ವಿನಾಯಿತಿಯಲ್ಲೋ ಇರುವ ಒಂಟಿ ನಳಿಗೆಯ ಕೇಪಿನ ಕೋವಿಗಳಿಗೆ ಬೇಟೆಯ ಕೆಲಸ ಈಗಿಲ್ಲ. ಕೈಲ್ ಪೊಳ್ದ್ ಹಬ್ಬದ ದಿನ ಆಯುಧಗಳ ಜೊತೆ ಪೂಜೆ ಪಡೆದು, ವರ್ಷದ ಬಹುಕಾಲ ಅವು ಸುಮ್ಮನಿರುತ್ತವೆ. ಇಂಥ ಕೋವಿಗೆ ಬಳಕೆಗಿಂತ ಬಿಡುವೇ ಹೆಚ್ಚು ಅಪಾಯಕಾರಿ. ಸುಟ್ಟ ಕರಿಮದ್ದಿನ ಮಸಿಯಲ್ಲಿ ಉಳಿಯುವ ಲವಣಗಳು ಗಾಳಿಯ ತೇವ ಹೀರುತ್ತವೆ, ಜಡಿಮಳೆಯ ನಾಡಿನಲ್ಲಿ ತುಕ್ಕು ಒಂದೆರಡು ದಿನಕ್ಕೇ ಕಾಣಿಸಿಕೊಳ್ಳುತ್ತದೆ. ಈ ಲವಣಗಳನ್ನು ಎಣ್ಣೆ ಕರಗಿಸುವುದಿಲ್ಲ, ನೀರು ಕರಗಿಸುತ್ತದೆ. ಆದ್ದರಿಂದ ಈಡು ಹಾರಿಸಿದ ದಿನವೇ ನಿಪ್ಪಲ್ ಬಿಚ್ಚಿ, ಬಿಸಿನೀರಿನಿಂದ ನಳಿಗೆ ತೊಳೆದು, ಪೂರ್ತಿ ಒರೆಸಿ ಒಣಗಿಸಿದ ಮೇಲಷ್ಟೇ ತೆಳ್ಳಗೆ ಎಣ್ಣೆ ಹಚ್ಚಬೇಕು. ಮದ್ದು ತುಂಬಿಯೇ ಗೋಡೆಗೆ ಒರಗಿಸಿಡುವ ಅಭ್ಯಾಸವನ್ನು ಯಾವ ಕಾರಣಕ್ಕೂ ಒಪ್ಪಲಾಗದು.

ಚಕಮಕಿ, ಕೇಪು, ಇನ್‌ಲೈನ್ ಈ ಮೂರರಲ್ಲಿ ಯಾವುದನ್ನು ಆರಿಸಬೇಕೆಂದರೆ, ಮಳೆಯ ಊರಿಗೆ ಕೇಪಿನದೇ ಸರಿ ಎಂಬುದು ನನ್ನ ಅಭಿಪ್ರಾಯ. ಚಕಮಕಿ ಕೋವಿ ಒಣ ಹವೆಯಲ್ಲಿ, ಪ್ರತಿ ಈಡಿಗೂ ಮುನ್ನ ಕಲ್ಲಿನ ಅಂಚು ನೋಡುವ ತಾಳ್ಮೆ ಇದ್ದವರಿಗೆ ಒಗ್ಗುತ್ತದೆ. ಕೇಪಿನಲ್ಲಿ ನಂಬಿಕೆ ಕೆಡಿಸುವ ವಿಷಯ ಅಳತೆಯದು. ಕೇಪು ಬಿಗಿಯಾಗಿ ಪೂರ್ತಿ ಕೂರದಿದ್ದರೆ ಕುದುರೆಯ ಮೊದಲ ಪೆಟ್ಟು ಅದನ್ನು ಒಳಗೊತ್ತುವುದರಲ್ಲೇ ಮುಗಿದು, ಎರಡನೆಯ ಪೆಟ್ಟಿಗೆ ಸಿಡಿಯುತ್ತದೆ. ಜನ ಇದಕ್ಕೆ ಕೇಪನ್ನೇ ದೂರುತ್ತಾರೆ. ನಿಪ್ಪಲ್ಲಿನ ತುದಿ ಪೆಟ್ಟು ತಿಂದು ಅಣಬೆಯಂತೆ ಅಗಲವಾಗಿದ್ದರೂ ಇದೇ ಆಗುತ್ತದೆ, ಆಗ ನಿಪ್ಪಲ್ ಬದಲಿಸುವುದೇ ಪರಿಹಾರ. ಸಿಡಿಯದ ಈಡನ್ನು ನೋಡಲು ಕೋವಿಯನ್ನು ಕೂಡಲೇ ಇಳಿಸಬಾರದು. ತಡವಾಗಿ ಹೊತ್ತಿಕೊಳ್ಳುವ ಸಾಧ್ಯತೆ ಇರುವುದರಿಂದ, ನಳಿಗೆಯನ್ನು ಯಾರೂ ಇಲ್ಲದ ದಿಕ್ಕಿಗೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಬೇಕು.

ಕೇಪಿನ ಉರಿ ಒಳಹೋಗುವ ದಾರಿ ತೆರೆದಿದೆಯೇ ಎಂದು ತಿಳಿಯಲು ಹಳಬರು ಬಳಸುವ ಪರೀಕ್ಷೆಯೊಂದಿದೆ. ನಳಿಗೆ ಖಾಲಿಯಿದೆಯೆಂದು ಗಜ (ಮದ್ದು ಗಿಡಿಯುವ ಕೋಲು) ಇಳಿಸಿ ಖಾತ್ರಿ ಮಾಡಿಕೊಂಡು, ಬರೀ ಕೇಪು ಕೂರಿಸಿ, ನಳಿಗೆಯ ಬಾಯಿಯನ್ನು ನೆಲದ ಮೇಲಿನ ಒಣ ಎಲೆಯ ಹತ್ತಿರ ಹಿಡಿದು ಸಿಡಿಸಬೇಕು. ಎಲೆ ಹಾರಿದರೆ ಎಣ್ಣೆಯೂ ಮಸಿಯೂ ದಾರಿಗೆ ಅಡ್ಡವಿಲ್ಲವೆಂದು ಅರ್ಥ. ಎಲೆ ಕದಲದಿದ್ದರೆ ಮದ್ದು ತುಂಬುವ ಮಾತೇ ಬೇಡ. ನಿಪ್ಪಲ್ ಬಿಚ್ಚಿ, ಸಣ್ಣ ತಂತಿಯಿಂದ ಅದರ ರಂಧ್ರವನ್ನೂ ಅದರ ಕೆಳಗಿನ ದಾರಿಯನ್ನೂ ಬಿಡಿಸಿಕೊಂಡು ಮತ್ತೆ ಪರೀಕ್ಷಿಸಬೇಕು.