ದೊಡ್ಡಮ್ಮನ ಬೀಗದ ಕೈ

ನಮ್ಮ ದೊಡ್ಡಮ್ಮ ನಲವತ್ತು ವರ್ಷ ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಸಂಸಾರ ನಡೆಸಿದವರು. ಸಕ್ಕರೆ ಡಬ್ಬದಿಂದ ಬೆಳ್ಳಿ ಲೋಟದವರೆಗೆ ಎಲ್ಲಕ್ಕೂ ಲೆಕ್ಕ. ನೆನಪು, ಬುದ್ಧಿ ಮಸುಕಾಗುತ್ತಾ ಹೋಗುವ ಡಿಮೆನ್ಷಿಯಾ ಶುರುವಾದ ಮೇಲೆ ಗೊಂಚಲನ್ನು ಅವರೇ ಎಲ್ಲೋ ಇಡುವುದು, ಆಮೇಲೆ ‘ಸೊಸೆ ಕದ್ದಳು’ ಅನ್ನುವುದು. ನೋಡಲು ಬಂದ ನೆಂಟರು ಅಡುಗೆಮನೆಯಲ್ಲಿ ಪಿಸುಗುಟ್ಟಿದರು: “ಮೊದಲಿಂದಲೂ ಅನುಮಾನದ ಬುದ್ಧಿಯೇ ಅಲ್ವಾ? ಹುಟ್ಟುಗುಣ ಸುಟ್ಟರೂ ಹೋಗಲ್ಲ.”

ಈ ಮಾತಿನಲ್ಲಿ ಎಷ್ಟು ನಿಜವಿದೆ?

ಸಿಟ್ಟು, ಅನುಮಾನ, ಗಾಬರಿ, ಅಲೆದಾಟ, ಮಂಕು ಕವಿಯುವುದು ಇವೆಲ್ಲ ಡಿಮೆನ್ಷಿಯಾದ ಭಾಗವೇ. ಮನೆಯವರನ್ನು ಹೈರಾಣು ಮಾಡುವುದು ಎಷ್ಟೋ ಸಲ ಮರೆವಿಗಿಂತ ಜಾಸ್ತಿ ಇವೇ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಅಲೋಯಿಸ್ ಆಲ್ಝೈಮರ್ ಎಂಬ ವೈದ್ಯರು ನೋಡಿದ ಆಗಸ್ಟೆ ಡೀಟರ್ ಎಂಬಾಕೆಗೆ 51 ವರ್ಷ. ಆಕೆಯಲ್ಲಿ ಮೊದಲು ಎದ್ದು ಕಂಡದ್ದು ಮರೆವಲ್ಲ, ಗಂಡನ ಮೇಲಿನ ಅಸೂಯೆ.

ಸ್ವಭಾವಕ್ಕೂ ಇದಕ್ಕೂ ನಂಟಿದೆಯಾ ಎಂದು ತಿಳಿಯಲು ಸಂಶೋಧಕರು ಮನೆಯವರನ್ನೇ ಕೇಳುತ್ತಾರೆ. ಕಾಯಿಲೆಗೆ ಮುಂಚೆ ಇವರು ಹೇಗಿದ್ದರು? ಸಣ್ಣದಕ್ಕೂ ಚಿಂತೆ ಮಾಡುತ್ತಿದ್ದರಾ? ಹೊಂದಿಕೊಂಡು ಹೋಗುತ್ತಿದ್ದರಾ? ಉತ್ತರವನ್ನು ಈಗಿನ ಲಕ್ಷಣಗಳ ಪಕ್ಕ ಇಟ್ಟು ನೋಡುತ್ತಾರೆ. ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳಿಲ್ಲ. ಆದರೂ ಒಂದು ಎಳೆ ಕಾಣುತ್ತದೆ: ಮೊದಲಿನಿಂದ ಚಿಂತೆಯ ಸ್ವಭಾವದವರಲ್ಲಿ ಆತಂಕ ಹೆಚ್ಚು, ಹೊಂದಾಣಿಕೆ ಕಡಿಮೆ ಇದ್ದವರಲ್ಲಿ ಸಿಡುಕು, ಚಡಪಡಿಕೆ ಹೆಚ್ಚು. ತೆಳುವಾದ ಎಳೆ ಅಷ್ಟೆ. ಜೀವನವಿಡೀ ಮೆತ್ತಗಿದ್ದವರು ಕೈ ಎತ್ತುವುದೂ ಉಂಟು. ಅದೂ ಅಲ್ಲದೆ, ಐದು ವರ್ಷ ಬೈಸಿಕೊಂಡು ಸುಸ್ತಾದ ಮಗಳಿಗೆ ಅಮ್ಮ ಮೊದಲೂ ಹೀಗೇ ಇದ್ದಳು ಅನ್ನಿಸಿದರೆ ತಪ್ಪೇನು? ನೆನಪಿಗೂ ಬಣ್ಣ ಹತ್ತುತ್ತದೆ.

ಕಳ್ಳತನದ ಅನುಮಾನಕ್ಕೆ ಬಂದರಂತೂ ಹಳೆಯ ಸ್ವಭಾವದ ಪುರಾವೆ ಗಟ್ಟಿಯಾಗಿಲ್ಲ. ಅದಕ್ಕೆ ಬೇರೆ ದಾರಿ ಇದೆ. ಡಿಮೆನ್ಷಿಯಾ ತರುವ, ಅದೇ ವೈದ್ಯರ ಹೆಸರಿನ ಆಲ್ಝೈಮರ್ ಕಾಯಿಲೆ ಬೇಗನೆ ಕೆಡಿಸುವ ಜಾಗಗಳಲ್ಲಿ ಒಂದು ಹಿಪ್ಪೋಕ್ಯಾಂಪಸ್, ಹೊಸ ನೆನಪು ಕೂಡಿಸುವ ಜಾಗ. ಗೊಂಚಲನ್ನು ಅಕ್ಕಿ ಡಬ್ಬಕ್ಕೆ ಹಾಕಿದ ಗಳಿಗೆ ಅಲ್ಲಿ ದಾಖಲಾಗುವುದೇ ಇಲ್ಲ. ಈಗ ದೊಡ್ಡಮ್ಮನ ಕಡೆಯಿಂದ ಯೋಚಿಸಿ. ನಾನಂತೂ ಎಲ್ಲೂ ಇಟ್ಟಿಲ್ಲ. ಗೊಂಚಲು ಕಾಣುತ್ತಿಲ್ಲ. ಅಂದಮೇಲೆ ಯಾರೋ ತೆಗೆದಿರಬೇಕು. ಲೆಕ್ಕ ಸರಿಯಾಗೇ ಇದೆ! ದಿನವಿಡೀ ಪಕ್ಕದಲ್ಲಿರುವವಳು ಸೊಸೆ, ಹಾಗಾಗಿ ಕಳ್ಳಿಯೂ ಅವಳೇ.

ಗಾದೆಯನ್ನು ಪೂರ್ತಿ ತಲೆಕೆಳಗು ಮಾಡುವ ಕಾಯಿಲೆಯೂ ಇದೆ. ಹಣೆಯ ಹಿಂದಿನ ಮೆದುಳಿನ ಭಾಗ ಸವೆಯುವ ಫ್ರಂಟೊಟೆಂಪೊರಲ್ ಡಿಮೆನ್ಷಿಯಾದಲ್ಲಿ ಎಷ್ಟೋ ಜನರಿಗೆ ಮೊದಲು ಬದಲಾಗುವುದು ಸ್ವಭಾವವೇ. ಸಂಕೋಚದ ಮನುಷ್ಯ ಸುಮ್ನೆ ಎಲ್ಲರೆದುರು ಬಾಯಿಗೆ ಬಂದದ್ದು ಆಡುತ್ತಾನೆ. ನಿಜಬಣ್ಣ ಈಗ ಬಯಲಾಯಿತು ಅನ್ನುವವರಿಗೆ ನನ್ನ ತಕರಾರು ಇಲ್ಲೇ. ಹೊರಬಂದದ್ದು ಬಣ್ಣವಲ್ಲ, ತಡೆಯುವ ಬ್ರೇಕು ಕಿತ್ತುಹೋಗಿದೆ.

ಹಾಗಂತ ಸ್ವಭಾವ ಲೆಕ್ಕಕ್ಕಿಲ್ಲ ಅಂತಲ್ಲ. ಶಿಕಾಗೊದ ಸಂಶೋಧಕರು 997 ಮಂದಿ ಕ್ಯಾಥೊಲಿಕ್ ಸನ್ಯಾಸಿನಿಯರು, ಪಾದ್ರಿಗಳು, ಬ್ರದರ್‌ಗಳ ಸ್ವಭಾವವನ್ನು ಕಾಯಿಲೆ ಬರುವ ಮೊದಲೇ ಅಳೆದು, ವರ್ಷಗಟ್ಟಲೆ ಹಿಂಬಾಲಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಶಿಸ್ತು, ಅಚ್ಚುಕಟ್ಟು ಇದ್ದವರಲ್ಲಿ ಆಲ್ಝೈಮರ್ ಕಡಿಮೆ ಕಂಡಿತು. ತೀರಿಕೊಂಡವರ ಮೆದುಳು ಪರೀಕ್ಷಿಸಿದಾಗ ಮಾತ್ರ ಒಳಗಿನ ಹಾನಿಗೂ ಶಿಸ್ತಿಗೂ ನೇರ ನಂಟು ಸಿಗಲಿಲ್ಲ. ಹಾನಿ ಇದ್ದೂ ಅವರು ನಿಭಾಯಿಸಿಕೊಂಡರೇನೋ.

ದೊಡ್ಡಮ್ಮನೂ ಅಚ್ಚುಕಟ್ಟಿನವರೇ, ಆದರೂ ಕಾಯಿಲೆ ಬಿಡಲಿಲ್ಲ. ಒಂದು ಉಪಾಯ ಹೊಳೆದದ್ದು ಸೊಸೆಗೆ. ಅಟ್ಟದಿಂದ ಹಳೆಯ ಬೀಗದ ಕೈಗಳನ್ನೆಲ್ಲ ಕಲೆಹಾಕಿ, ಗೊಂಚಲು ಮಾಡಿ, ಅತ್ತೆಯ ಸೊಂಟಕ್ಕೆ ಸಿಕ್ಕಿಸಿದಳು. ಅವುಗಳ ಬೀಗ ಒಂದೂ ಈಗ ಮನೆಯಲ್ಲಿಲ್ಲ. ದೊಡ್ಡಮ್ಮ ಸಂಜೆಯಾದರೆ ಒಂದೊಂದೇ ಕೈ ಮುಟ್ಟಿ ಎಣಿಸುತ್ತಾರೆ, ಕೂಗಾಟ ಅರ್ಧಕ್ಕರ್ಧ ಕಮ್ಮಿ. ಅನುಮಾನ ಮಾತ್ರ ಹೋಗಿಲ್ಲ. ಮೊನ್ನೆ ನಾನು ಹೋದಾಗ ಸೊಸೆಯನ್ನು ಪಕ್ಕಕ್ಕೆ ಕರೆದು, “ಈ ಹುಡುಗನ ಮೇಲೆ ಒಂದು ಕಣ್ಣಿಟ್ಟಿರಮ್ಮ” ಅಂದರು.