ಮೆಕ್ಕೆಜೋಳದ ಸಾಲಿನ ನಡುವೆ ಹಸುವಿನ ಮೇವು

ಪಶ್ಚಿಮ ಕೆನ್ಯಾದಲ್ಲಿ, ವಿಕ್ಟೋರಿಯಾ ಸರೋವರದ ಸುತ್ತಮುತ್ತ, ಬಹಳಷ್ಟು ಮನೆಗಳಿಗೆ ಇರುವುದೇ ಒಂದೆರಡು ಎಕರೆ. ಅದರಲ್ಲಿ ಮೆಕ್ಕೆಜೋಳ ಬೆಳೆಯುತ್ತಾರೆ. ಅದರ ಹಿಟ್ಟಿನ ಉಗಾಲಿ ಅಲ್ಲಿನವರಿಗೆ ದಿನದ ಊಟ, ನಮ್ಮ ಮುದ್ದೆಯ ಹಾಗೆ. ಬೆಳೆ ಕೈಕೊಟ್ಟರೆ ಕೊಂಡು ತಿನ್ನಬೇಕು, ಅದೂ ಕೊಯ್ಲಿಗೆ ಮುಂಚೆ, ಬೆಲೆ ಏರಿರುವ ಹೊತ್ತಿನಲ್ಲೇ.

ಅಲ್ಲಿನ ದೊಡ್ಡ ಕಾಟ ಎರಡು. ಒಂದು ಕಾಂಡ ಕೊರಕ ಹುಳು. ಇನ್ನೊಂದು ಸ್ಟ್ರೈಗಾ ಕಳೆ. ಇದರ ಸೋದರ ಕಳೆಯೊಂದು ನಮ್ಮ ಜೋಳದ ಹೊಲಗಳಲ್ಲೂ ಇದೆ. ಬೆಳೆಯ ಬೇರಿಗೆ ಅಂಟಿಕೊಂಡು ನೀರು, ಸಾರ ಹೀರುತ್ತದೆ. ಅದು ಮಣ್ಣಿನಿಂದ ತಲೆ ಎತ್ತುವ ಮೊದಲೇ ಬೆಳೆ ಸೊರಗಿರುತ್ತದೆ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಆ ಬೀಜ ವರ್ಷಗಟ್ಟಲೆ ಮಣ್ಣಲ್ಲೇ ಬದುಕಿರುತ್ತದೆ. ಸುಮ್ನೆ ಕಿತ್ತರೆ ಮುಗಿಯುವ ಕೆಲಸವಲ್ಲ.

ಇದಕ್ಕೆ 1990ರ ದಶಕದಲ್ಲಿ ಕೆನ್ಯಾದ ಇಸಿಪೆ ಕೀಟ ಸಂಶೋಧನಾ ಕೇಂದ್ರದ ಜಿಯಾವುರ್ ಖಾನ್ ಮತ್ತು ಬ್ರಿಟನ್ನಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಸೇರಿ ಒಂದು ದಾರಿ ಹುಡುಕಿದರು. ಹೆಸರು 'ಪುಶ್-ಪುಲ್', ಅಂದರೆ ತಳ್ಳು-ಎಳೆ. ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಮೇವಿನ ಬಳ್ಳಿ. ಹೊಲದ ಸುತ್ತ ನೇಪಿಯರ್ ಹುಲ್ಲು. ಬಳ್ಳಿಯ ವಾಸನೆ ಕಾಂಡ ಕೊರಕದ ಪತಂಗವನ್ನು ಹೊಲದಿಂದ ಓಡಿಸುತ್ತದೆ, ನೇಪಿಯರ್ ಅದನ್ನು ಅಂಚಿಗೆ ಕರೆಯುತ್ತದೆ. ನೇಪಿಯರ್ ಮೇಲೆ ಮೊಟ್ಟೆಯೊಡೆದ ಮರಿಹುಳುಗಳಲ್ಲಿ ಬದುಕುವುದು ಕೆಲವೇ. ನನಗೆ ಜಾಸ್ತಿ ಇಷ್ಟವಾಗುವುದು ಮಣ್ಣೊಳಗೆ ನಡೆಯುವ ಕೆಲಸ. ಡೆಸ್ಮೋಡಿಯಂ ಬೇರಿನಿಂದ ಒಸರುವ ರಸಕ್ಕೆ ಸ್ಟ್ರೈಗಾ ಬೀಜ ಮೊಳೆಯುತ್ತದೆ, ಆದರೆ ಬೆಳೆಯ ಬೇರಿಗೆ ಅಂಟಿಕೊಳ್ಳಲಾಗದೆ ಸಾಯುತ್ತದೆ. ಹೀಗೆ ಮಣ್ಣಲ್ಲಿರುವ ಬೀಜದ ರಾಶಿಯೇ ವರ್ಷ ವರ್ಷ ಕರಗುತ್ತದೆ. ಜೊತೆಗೆ ಬಳ್ಳಿ ಮಣ್ಣಿಗೆ ಸಾರಜನಕ ಕೊಡುತ್ತದೆ, ನೆಲ ಮುಚ್ಚಿ ತೇವ ಉಳಿಸುತ್ತದೆ.

ಆದರೆ ಮನೆಯವರು ಇದನ್ನು ಬಿಡದೆ ಮುಂದುವರಿಸುವುದು ಹಸುವಿಗಾಗಿ ಅಂತ ನನ್ನ ಅಭಿಪ್ರಾಯ. ಬಳ್ಳಿ, ಹುಲ್ಲು ಎರಡೂ ಮೇವು. ಮೇವಿದ್ದರೆ ಹಾಲು. ಹಾಲು ಮಕ್ಕಳ ಲೋಟಕ್ಕೂ ಹೋಗುತ್ತದೆ, ಸಂತೆಗೂ ಹೋಗುತ್ತದೆ. ಸಗಣಿ ಮತ್ತೆ ಹೊಲಕ್ಕೆ. ಹಸುವೇ ಇಲ್ಲದ ಮನೆಗೆ ಇದರ ಲಾಭ ಕಡಿಮೆ. ಮೇವು ಕೊಳ್ಳುವವರು ಹತ್ತಿರ ಇದ್ದರೆ ಮಾತು ಬೇರೆ.

ಕಷ್ಟವೂ ಇದೆ, ಅದನ್ನು ಮುಚ್ಚಿಡಬಾರದು. ಡೆಸ್ಮೋಡಿಯಂ ಬೀಜ ದುಬಾರಿ. ಮೊದಲಿಗೆ ನಿಧಾನವಾಗಿ ಬೆಳೆಯುತ್ತದೆ, ಹಾಗಾಗಿ ಮೊದಲ ಹಂಗಾಮಿನಲ್ಲಿ ಕೈಯಿಂದ ಕಳೆ ಕೀಳುವ ಕೆಲಸ ಜಾಸ್ತಿ. ಆ ಕೆಲಸ ಹೆಚ್ಚಾಗಿ ಬೀಳುವುದು ಹೆಂಗಸರ ಮೇಲೆ, ಅಲ್ವಾ? ನೇಪಿಯರ್‌ಗೆ ಗಿಡವನ್ನು ಕುಗ್ಗಿಸುವ ರೋಗವೂ ತಗಲುತ್ತದೆ. ಮಳೆ ಕಡಿಮೆ ಇರುವ ಕಡೆ ಅದರ ಬದಲು ಬ್ರಾಕಿಯೇರಿಯಾ ಹುಲ್ಲು ಹಾಕುತ್ತಾರೆ.

ಅದಕ್ಕೇ ಇಡೀ ಹೊಲಕ್ಕೆ ಒಂದೇ ಸಲ ಹಾಕುವುದು ಬೇಡ. ಒಂದು ಮೂಲೆಯಲ್ಲಿ ಶುರು ಮಾಡಿ, ಬಳ್ಳಿ ಹಬ್ಬಿದ ಮೇಲೆ ಅದರ ತುಂಡುಗಳನ್ನೇ ಕತ್ತರಿಸಿ ಮುಂದಿನ ಮಳೆಗೆ ಉಳಿದ ಸಾಲುಗಳಲ್ಲಿ ನೆಡಬಹುದು. ಬೀಜದ ಖರ್ಚು ಉಳಿಯುತ್ತದೆ, ಪಕ್ಕದ ಮನೆಗೂ ಒಂದು ಹಿಡಿ ಕೊಡಬಹುದು.